ಗಂಡಸರ ಸಭೆಗೆ ಅಕ್ಕ ಹೋದದ್ದು

ನನ್ನ ಅಕ್ಕ ಬಸ್ ನಿಲ್ದಾಣದ ವಿಚಾರಣೆ ಕೌಂಟರಿನಲ್ಲಿ ಕೂತು ಕೂದಲು ನರೆಸಿಕೊಂಡವಳು. ಮುಂದೆ ಒಂದು ಗಾಜು, ಗಾಜಿನಲ್ಲಿ ಅಂಗೈಯಗಲದ ಕಂಡಿ, ಈಚೆಗೆ ಒಂದು ಮೈಕು. ಗಂಡಸರ ಬಗ್ಗೆ ಅವಳಿಗಿರುವ ಅಭಿಪ್ರಾಯವೆಲ್ಲ ಆ ಕಂಡಿಯಿಂದಲೇ ಒಳಗೆ ಬಂದದ್ದು. ಹೆಂಗಸರು ಬರುತ್ತಾರೆ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುತ್ತಾರೆ, ಹೋಗುತ್ತಾರೆ. ಗಂಡಸರು ಮೊದಲು ಬೋರ್ಡಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಏನೂ ತಿಳಿಯದಿದ್ದರೂ ತಲೆಯಾಡಿಸುತ್ತಾರೆ. ಬೇರೆ ಯಾವುದೋ ಪ್ಲಾಟ್‌ಫಾರ್ಮಿಗೆ ಹೋಗಿ ನಿಂತು, ಬಸ್ಸು ತಪ್ಪಿಸಿಕೊಂಡ ಮೇಲೆ ಕಂಡಿಗೆ ಬಾಯಿ ಹಚ್ಚಿ ಅವಳ ಮೇಲೆ ಕೂಗಾಡುತ್ತಾರೆ.

"ಮೊದಲೇ ಕೇಳಿದ್ರೆ ಇವರ ಗಂಟೇನು ಹೋಗ್ತಿತ್ತು?" ಎನ್ನುತ್ತಾಳೆ ಅಕ್ಕ.

ಈ ಪೈಕಿ ಮೊದಲ ಸಾಲಿನಲ್ಲಿ ನಿಲ್ಲಬೇಕಾದವನು ಅವಳ ಗಂಡ, ನನ್ನ ಭಾವ. ಎದುರಿಗೆ 'ನೀವು' ಎನ್ನುತ್ತೇನೆ. ಇಲ್ಲಿ ಬರೆಯುವಾಗ ಅಷ್ಟು ಮರ್ಯಾದೆ ಕೊಡಲು ನನಗೆ ಕೈ ಬರುತ್ತಿಲ್ಲ. ಅವನದು ಸ್ವಂತ ಡ್ರೈವಿಂಗ್ ಸ್ಕೂಲು. ಕಲಿಸುವ ಕಾರಿನಲ್ಲಿ ಕಲಿಸುವವನ ಕಾಲ ಬಳಿಯೂ ಒಂದು ಬ್ರೇಕು ಇರುತ್ತದಲ್ಲ, ಆ ಒಂದು ಬ್ರೇಕಿನಿಂದಾಗಿ ಇಡೀ ಲೋಕವೇ ತನ್ನ ಕಾಲ ಕೆಳಗಿದೆ ಎಂದು ನಂಬಿದ್ದವನು. "ಕ್ಲಚ್ಚು ಅಂದ್ರೇನು, ಕಾಲೊರೆಸೋ ಮ್ಯಾಟಾ?" ಎಂದು ಅವನು ನಡುಬೀದಿಯಲ್ಲಿ ಕಿರುಚಿದರೆ ಆಚೆ ಬೀದಿಯ ನಾಯಿಗಳೂ ಎದ್ದು ನಿಲ್ಲುತ್ತಿದ್ದವು. ಅವನ ಹತ್ತಿರ ಕಲಿತವರಲ್ಲಿ ಅಳದೆ ಲೈಸೆನ್ಸ್ ತೆಗೆದುಕೊಂಡವರು ಅಪರೂಪ.

ಇಂಥವನು ಇದ್ದಕ್ಕಿದ್ದಂತೆ ಪಾಠದ ನಡುವೆ ಕಾರು ನಿಲ್ಲಿಸಲು ಶುರುಮಾಡಿದ. "ಟೈರ್ ನೋಡ್ಕೊಂಡು ಬರ್ತೀನಿ" ಎಂದು ಇಳಿದು, ಯಾವುದಾದರೂ ಹೋಟೆಲ್ಲಿನ ಹಿಂಬದಿಗೆ ಹೋಗಿ, ಬಹಳ ಹೊತ್ತಿನ ಮೇಲೆ ಮುಖ ಕಿವುಚಿಕೊಂಡು ಬರುತ್ತಿದ್ದ. ಕಲಿಯಲು ಬರುತ್ತಿದ್ದ ಹುಡುಗಿಯೊಬ್ಬಳು ಒಂದು ದಿನ ಅಕ್ಕನನ್ನು ಕೌಂಟರಿನಲ್ಲಿ ಕಂಡು, "ಆಂಟಿ, ಅಂಕಲ್ ಗಾಡಿ ಟೈರು ಅಷ್ಟೊಂದು ತೊಂದ್ರೆ ಕೊಡ್ತಿದ್ರೆ ಬದಲಾಯಿಸಬಾರ್ದಾ? ಒಂದು ಕ್ಲಾಸಲ್ಲಿ ಮೂರು ಸಲ ನೋಡ್ತಾರೆ" ಎಂದಳು. ಅಕ್ಕ ಅಂದೇ ಸಂಜೆ ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ರಕ್ತಪರೀಕ್ಷೆಯಾಯಿತು, ಸ್ಕ್ಯಾನ್ ಆಯಿತು, ಸೂಜಿ ಹಾಕಿ ಚೂರು ತೆಗೆದು ನೋಡಿದ್ದೂ ಆಯಿತು. ಪ್ರಾಸ್ಟೇಟ್ ಕ್ಯಾನ್ಸರ್.

ಡಾಕ್ಟರು ಒಳ್ಳೆಯ ಮನುಷ್ಯ, ಬಿಡಿಸಿ ಹೇಳಿದರು. "ಗ್ರಂಥಿಯೊಳಗೇ ಇದೆ, ಹೊರಗೆ ಹರಡಿಲ್ಲ. ಆಪರೇಷನ್ ಮಾಡಬಹುದು, ರೇಡಿಯೇಷನ್ ಕೊಡಬಹುದು. ಎರಡಕ್ಕೂ ಅದರದರದೇ ತೊಂದರೆ ಇದೆ. ಯಾವುದು ಬೇಕು ಅಂತ ನೀವೂ ಯೋಚಿಸಬೇಕು. ಶನಿವಾರ ಮಧ್ಯಾಹ್ನ ಇಲ್ಲೇ ಮೇಲಿನ ಮಹಡೀಲಿ ಈ ಕಾಯಿಲೆ ಆದವರು ಸೇರ್ತಾರೆ. ಹೋಗಿ ಮಾತಾಡಿ. ಆಮೇಲೆ ತೀರ್ಮಾನ ಮಾಡೋಣ."

ಭಾವ ಬಾಗಿಲು ದಾಟುವವರೆಗೆ ತಡೆದುಕೊಂಡಿದ್ದ. ಹೊರಗೆ ಬಂದವನೇ, "ಅಲ್ಲಿ ಹೋಗಿ ನಾನೇನು ಗುಂಪಲ್ಲಿ ಅಳ್ತಾ ಕೂರ್ಲಾ?" ಎಂದ.

ಅಲ್ಲಿಗೆ ಹೋಗಲಿಲ್ಲ, ಸರಿ. ಹೋದದ್ದೆಲ್ಲಿಗೆ? ಟೈರ್ ಅಂಗಡಿಯವನ ಹತ್ತಿರ. ಆ ಪುಣ್ಯಾತ್ಮನ ಚಿಕ್ಕಪ್ಪನ ಷಡ್ಡಕನಿಗೋ ಯಾರಿಗೋ ಹೀಗೇ ಆಗಿ, ಅದೆಂಥದೋ ಹಸಿರು ಪುಡಿ ಕುಡಿದು ವಾಸಿಯಾಗಿತ್ತಂತೆ. ಭಾವ ಬೆಳಿಗ್ಗೆ ಎದ್ದು ಆ ಪುಡಿಯನ್ನು ನೀರಿಗೆ ಕದಡಿ, ಮೂಗು ಹಿಡಿದು ಕುಡಿಯತೊಡಗಿದ. ನಾಲಿಗೆ ಪಾಚಿ ಕಟ್ಟಿದ ತೊಟ್ಟಿಯಂತಾಯಿತು. ಯಾರು ಕೇಳಿದರೂ ಹೊಟ್ಟೆಯಲ್ಲಿ ಸ್ವಲ್ಪ ಗ್ಯಾಸು ಎಂದ. ಕ್ಯಾನ್ಸರ್ ಎಂಬ ಪದ ಅವನ ಬಾಯಿಂದ ಒಂದು ಸಲವೂ ಬರಲಿಲ್ಲ. ಅಕ್ಕ ಆಡಿದರೆ, ಅವಳೇ ಅದನ್ನು ತಂದು ಹಾಕಿದವಳೆಂಬಂತೆ ನೋಡುತ್ತಿದ್ದ.

ಶುಕ್ರವಾರ ಊಟದ ಹೊತ್ತಿನಲ್ಲಿ ನಾನೂ ಅಲ್ಲಿದ್ದೆ.

"ರೀ, ನಾಳೆ ಹೋಗ್ತೀರೋ ಇಲ್ವೋ?"

"ನಾಳೆ ನನಗೆ ಕ್ಲಾಸ್ ಇದೆ."

"ಹಾಗಾದ್ರೆ ನಾನು ಹೋಗ್ತೀನಿ."

"ನೀನಾ? ನಿಂಗೇನು ತಲೆ ಕೆಟ್ಟಿದ್ಯಾ? ಅದು ಗಂಡಸರ ಕಾಯಿಲೆ."

"ಕಾಯಿಲೆ ಗಂಡಸರದ್ದೇ. ಬಟ್ಟೆ ಒಗೆಯೋಳು ನಾನು."

ಭಾವ ತಟ್ಟೆ ದೂಡಿ ಎದ್ದು ಹೋದ. ಅಕ್ಕ ನನ್ನ ಕಡೆ ತಿರುಗಿ, "ಒಬ್ಳೇ ಹೋದ್ರೆ ಬಾಗಿಲಲ್ಲೇ ಸಾಗಹಾಕ್ತಾರೆ. ನೀನೂ ಬಾ" ಎಂದಳು. ನಾನು ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುವವಳು, ಶನಿವಾರ ಅರ್ಧ ದಿನ. ಹೊರಟೆ.

ಸಭೆ ನಡೆಯುವುದು ಆಸ್ಪತ್ರೆಯ ವ್ಯಾಯಾಮದ ಕೋಣೆಯಲ್ಲಿ. ಬಿದ್ದವರನ್ನು ನಡೆಸಲು ಹಾಕಿದ ಜೋಡಿ ಕಂಬಿಗಳು, ಮೂಲೆಗೆ ತಳ್ಳಿದ ದೊಡ್ಡ ದೊಡ್ಡ ರಬ್ಬರ್ ಚೆಂಡುಗಳು, ಒಂದು ಗೋಡೆಯ ತುಂಬ ಕನ್ನಡಿ. ಪ್ಲಾಸ್ಟಿಕ್ ಖುರ್ಚಿಗಳನ್ನು ದುಂಡಗೆ ಹಾಕಿದ್ದರು, ಆದರೆ ಕನ್ನಡಿಗೆ ಮುಖ ಮಾಡಿದ ಖುರ್ಚಿಗಳೆಲ್ಲ ಖಾಲಿ. ಯಾವ ಗಂಡಸಿಗೂ ತನ್ನನ್ನು ನೋಡಿಕೊಳ್ಳುವ ಧೈರ್ಯವಿರಲಿಲ್ಲ. ಮೇಜಿನ ಮೇಲೆ ಟೀ ಫ್ಲಾಸ್ಕು, ಬಿಸ್ಕತ್ತು, ಮತ್ತು ಡಾಕ್ಟರು ತೋರಿಸಲಿಕ್ಕೆಂದು ಇಟ್ಟಿದ್ದ ಪ್ಲಾಸ್ಟಿಕ್ಕಿನ ಮಾದರಿ: ಮೂತ್ರಕೋಶ, ಅದರ ಕೆಳಗೆ ಆ ಗ್ರಂಥಿ, ಉಳಿದದ್ದು. ಅದರ ಮೇಲೆ ಯಾರೋ ಕರವಸ್ತ್ರ ಹೊದಿಸಿದ್ದರು.

ಏಳೆಂಟು ಜನರಿದ್ದರು. ಸಭೆ ನಡೆಸುವವರು ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಆಪರೇಷನ್ ಆಗಿ ಮೂರು ವರ್ಷವಾದವರು ಎಂಬ ಹಿರಿತನ. ಅವರ ಪಕ್ಕದಲ್ಲಿ ದಪ್ಪ ತೋಳಿನ ಬೇಕರಿಯವನು. ಆಚೆ ಅಂಗಡಿಗಳ ಬೋರ್ಡು ಬರೆಯುವ ಪೇಂಟರು. ಬಾಗಿಲ ಬಳಿ ಸೆಕ್ಯೂರಿಟಿ ಗಾರ್ಡಿನ ಸಮವಸ್ತ್ರದಲ್ಲೇ ಬಂದಿದ್ದ ಒಬ್ಬ, ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು. ಅವನಿಗೆ ಕಾಯಿಲೆ ಗೊತ್ತಾಗಿ ಇನ್ನೂ ವಾರವೂ ಆಗಿರಲಿಲ್ಲ. ಮುಖ ಬಿಳಿಚಿಕೊಂಡಿತ್ತು.

ಮ್ಯಾನೇಜರು ಎದ್ದು ನಿಂತು, "ಧೈರ್ಯ! ಧೈರ್ಯಾನೇ ನಮಗೆ ಮೊದಲನೇ ಔಷಧ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಆ ಧೈರ್ಯಶಾಲಿಗಳು ಏನು ಮಾತಾಡಿದರು ಎನ್ನುತ್ತೀರಿ? ಆಸ್ಪತ್ರೆಯಲ್ಲಿ ಗಾಡಿ ನಿಲ್ಲಿಸಲು ಜಾಗವಿಲ್ಲದ್ದು. ಲಿಫ್ಟು ಮತ್ತೆ ಕೆಟ್ಟದ್ದು. ಈ ವರ್ಷದ ಸೆಕೆ. ಒಬ್ಬರು ಮೊಣಕಾಲು ನೋವಿನ ಬಗ್ಗೆ ಹೇಳಿದರು, ಅದಕ್ಕೆ ಇನ್ನೊಬ್ಬರು ಎಣ್ಣೆಯೊಂದರ ಹೆಸರು ಹೇಳಿದರು. ಒಂದೇ ಗ್ರಂಥಿಯ ದೆಸೆಯಿಂದ ಒಂದೆಡೆ ಸೇರಿದ್ದ ಅಷ್ಟೂ ಜನ, ಅದೊಂದನ್ನು ಬಿಟ್ಟು ಮೈಯಲ್ಲಿರುವ ಮಿಕ್ಕ ಎಲ್ಲ ಭಾಗಗಳ ಬಗ್ಗೆಯೂ ಮಾತಾಡಿದರು. ಗಾರ್ಡು ಒಬ್ಬೊಬ್ಬರ ಬಾಯನ್ನೂ ಆಸೆಯಿಂದ ನೋಡುತ್ತ ಕೂತಿದ್ದ.

ಕೊನೆಗೆ ಮ್ಯಾನೇಜರಿಗೆ ನಾವಿಬ್ಬರು ಕಂಡೆವು.

"ಅಮ್ಮಾ, ತಾವು ಯಾರ ಕಡೆಯವರು? ಪೇಷಂಟ್ ಬಂದಿಲ್ವಾ?"

"ಇಲ್ಲ. ಅವರಿಗೆ ಕ್ಲಾಸ್ ಇದೆ," ಎಂದಳು ಅಕ್ಕ.

"ಅಲ್ಲ, ತಪ್ಪು ತಿಳೀಬೇಡಿ, ಇದು ಗಂಡಸರ ಸಭೆ. ಮುಕ್ತವಾಗಿ ಮಾತಾಡೋಕೆ ಅಂತ ಮಾಡ್ಕೊಂಡಿರೋದು."

"ಹೌದು, ನೋಡ್ದೆ. ಪಾರ್ಕಿಂಗ್ ಬಗ್ಗೆ ಬಹಳ ಮುಕ್ತವಾಗಿ ಮಾತಾಡಿದ್ರಿ. ನಾನು ಒಂದು ವಿಷಯ ಕೇಳಿ ಹೋಗ್ಬಿಡ್ತೀನಿ."

ಅವಳು ದನಿ ತಗ್ಗಿಸಲಿಲ್ಲ, ಏರಿಸಲೂ ಇಲ್ಲ. ಇಂಥ ಬಸ್ಸು ಇಂಥ ಪ್ಲಾಟ್‌ಫಾರ್ಮಿಗೆ ಬರಲಿದೆ ಎನ್ನುವ ಅದೇ ದನಿಯಲ್ಲಿ ಕೇಳಿದಳು. "ಆಪರೇಷನ್ ಆದ್ಮೇಲೆ ಒಂದಕ್ಕೆ ಹೋಗೋದು ಹಿಡಿತದಲ್ಲಿರುತ್ತೋ ಇಲ್ವೋ? ಎಷ್ಟು ಕಾಲ ಸೋರುತ್ತೆ?"

ಪೇಂಟರು ಸೀಲಿಂಗ್ ಫ್ಯಾನಿನ ರೆಕ್ಕೆಗಳನ್ನು ಪರೀಕ್ಷಿಸತೊಡಗಿದ. ಮ್ಯಾನೇಜರು ಕೆಮ್ಮಿ, "ಅಂಥದ್ದೆಲ್ಲ ಏನೂ ಇಲ್ಲ. ಎಲ್ಲ ನಾರ್ಮಲ್. ನನ್ನನ್ನೇ ನೋಡಿ, ಫಸ್ಟ್ ಕ್ಲಾಸಾಗಿದೀನಿ" ಎಂದರು.

"ನನಗೆ ಇಲ್ಲ, ಅಕ್ಕಾ."

ಹಾಗೆಂದವನು ಬೇಕರಿಯವನು. ತನ್ನ ಚಪ್ಪಲಿಯನ್ನೇ ನೋಡುತ್ತಿದ್ದ. "ಎಂಟು ತಿಂಗಳಾಯ್ತು. ಸೀನಿದ್ರೆ ಹೋಗುತ್ತೆ, ಹಿಟ್ಟಿನ ಮೂಟೆ ಎತ್ತಿದ್ರೆ ಹೋಗುತ್ತೆ. ಮೊದಮೊದಲು ದಿನಕ್ಕೆ ಐದಾರು ಪ್ಯಾಡ್ ಬೇಕಿತ್ತು. ಈಗ ಒಂದು ಸಾಕು. ಇವರೆಲ್ಲ ನಾರ್ಮಲ್ ನಾರ್ಮಲ್ ಅಂತಾರಲ್ಲ, ನನಗೊಬ್ಬನಿಗೇ ಹೀಗಾಗಿದೆ ಅಂದ್ಕೊಂಡಿದ್ದೆ. ಕಪ್ಪು ಪ್ಯಾಂಟು ಬಿಟ್ರೆ ಬೇರೆ ಹಾಕ್ತಾನೇ ಇಲ್ಲ."

ಗಾರ್ಡು ಥಟ್ಟನೆ ಮುಂದಕ್ಕೆ ಬಗ್ಗಿದ. "ಅಣ್ಣಾ, ನಾನು ದಿನವಿಡೀ ಗೇಟಲ್ಲಿ ನಿಂತಿರ್ಬೇಕು. ನಿಂತಾಗ ಹೇಗೆ?"

"ನಿಂತ್ರೇ ಜಾಸ್ತಿ. ಮಲಗಿದ್ರೆ ಏನಿಲ್ಲ. ಸಂಜೆ ಹೊತ್ತಿಗೆ ಸುಸ್ತಾದಾಗ ಇನ್ನೂ ಜಾಸ್ತಿ. ಆದ್ರೆ ಒಂದು ವ್ಯಾಯಾಮ ಇದೆ, ಒಂದಕ್ಕೆ ಹೋಗ್ತಿದ್ದಾಗ ಮಧ್ಯದಲ್ಲೇ ತಡ್ಕೊಂಡ ಹಾಗೆ ಒಳಗಡೆ ಬಿಗಿಹಿಡಿಯೋದು. ಆಪರೇಷನ್ನಿಗೆ ಮುಂಚೆನೇ ಶುರು ಮಾಡ್ಕೊ. ನನಗೆ ಯಾರೂ ಹೇಳ್ಲಿಲ್ಲ."

'ಯಾರೂ ಹೇಳಲಿಲ್ಲ' ಎನ್ನುವಾಗ ಅವನು ಯಾರನ್ನೂ ನೋಡಲಿಲ್ಲ. ಮಿಕ್ಕವರೆಲ್ಲ ಮ್ಯಾನೇಜರನ್ನು ನೋಡಿದರು. ಮ್ಯಾನೇಜರು ಜೇಬಿನ ಎರಡೂ ಪೆನ್ನುಗಳನ್ನು ತೆಗೆದು, ಮತ್ತೆ ಸಿಕ್ಕಿಸಿಕೊಂಡು, "ನನಗೂ... ಆಗಾಗ. ದೂರ ಪ್ರಯಾಣ ಮಾಡಿದಾಗ" ಎಂದರು. ಮೂರು ವರ್ಷ ಆ ಖುರ್ಚಿಯಲ್ಲಿ ಕೂತು, ಹೆದರಿ ಬಂದ ಪ್ರತಿಯೊಬ್ಬನಿಗೂ ನಾರ್ಮಲ್ ಎಂದು ಬಿಸ್ಕತ್ತು ಹಂಚಿದಂತೆ ಸುಳ್ಳು ಹಂಚಿದ ಮನುಷ್ಯ! ಆ ಸುಳ್ಳನ್ನು ನಂಬಿ ಮನೆಗೆ ಹೋಗಿ ಒದ್ದೆಯಾದ ಗಂಡಸರು ತಮ್ಮ ಗಂಡಸುತನವೇ ಕೊಚ್ಚಿಹೋಯಿತೆಂದು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅದೆಷ್ಟು ಜನ ಕೂತರೋ. ಮೇಲಿಂದ ಧೈರ್ಯವೇ ಔಷಧವಂತೆ.

ಮುಂದಿನ ಶನಿವಾರ ಅಕ್ಕ ಎರಡನೆಯ ವಿಷಯ ಕೇಳಿದಳು, ಹಾಸಿಗೆಯದು. ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಳ್ಳುತ್ತಿದ್ದ ಪೇಂಟರ ಲೋಟ ತುಂಬಿ ಹರಿದು ಮೇಜೆಲ್ಲ ಟೀ ಆಯಿತು. ಕರವಸ್ತ್ರವನ್ನೆಳೆದು ಒರೆಸಲು ಹೋದ, ಪ್ಲಾಸ್ಟಿಕ್ ಮಾದರಿ ಬೆತ್ತಲಾಗಿ ಎಲ್ಲರೆದುರು ನಿಂತಿತು. ಯಾರೋ ಕಿಸಕ್ಕನೆ ನಕ್ಕರು. ಮ್ಯಾನೇಜರು, "ಇದು ಸ್ವಲ್ಪ ಅತಿಯಾಯ್ತಮ್ಮ" ಎಂದರು. ಆದರೆ ಪೇಂಟರು ಒದ್ದೆ ಕರವಸ್ತ್ರ ಕೈಯಲ್ಲಿ ಹಿಡಿದೇ ಮಾತಾಡಿದ. ಅವನು ರೇಡಿಯೇಷನ್ ತೆಗೆದುಕೊಂಡವನು, ಜೊತೆಗೆ ಗಂಡಸರ ಹಾರ್ಮೋನು ತಗ್ಗಿಸುವ ಇಂಜೆಕ್ಷನ್ನು.

"ಆ ಆಸೇನೇ ಹೊರಟುಹೋಯ್ತು ಮೇಡಂ. ನಾವಿಬ್ರೂ ಎಷ್ಟೋ ಕಾಲ ಅದರ ಮಾತೇ ಎತ್ತಲಿಲ್ಲ. ನಾನು ಅವಳಿಗೆ ಬೇಡವಾದೆ ಅಂತ ನಾನು, ತಾನು ನನಗೆ ಬೇಡವಾದೆ ಅಂತ ಅವಳು. ಗೋಡೆ ಕಡೆ ತಿರುಗಿ ಮಲಗೋದು. ಇಂಜೆಕ್ಷನ್ ನಿಲ್ಲಿಸಿದ್ಮೇಲೆ ಸ್ವಲ್ಪ ಸ್ವಲ್ಪ ವಾಪಸ್ ಬಂತು. ಮಾತ್ರೆನೂ ಇದಾವೆ. ಕೇಳಿದ್ರೆ ಡಾಕ್ಟ್ರು ಹೇಳ್ತಾರೆ. ಕೇಳ್ಬೇಕಷ್ಟೆ."

ಅಂದು ಸಭೆ ಮುಗಿಯುವಾಗ ಸಂಜೆಯಾಗಿತ್ತು. ಪಾರ್ಕಿಂಗಿನ ಸುದ್ದಿಯನ್ನು ಒಬ್ಬನೂ ಎತ್ತಲಿಲ್ಲ.

ಮನೆಯಲ್ಲಿ ಭಾವ ಕೆಂಡಾಮಂಡಲ. "ನನ್ನ ಉಚ್ಚೆ ವಿಷಯಾನ ಊರಿಗೆಲ್ಲ ಡಂಗುರ ಸಾರಿ ಬಂದ್ಯಾ? ನಾಚಿಕೆ ಆಗಲ್ವಾ ನಿಂಗೆ, ಪರಗಂಡಸರ ಮುಂದೆ?"

"ನಿಮ್ಮ ಹೆಸರು ಹೇಳಿಲ್ಲ. ಆ ಪರಗಂಡಸರು ನಿಮಗಿಂತ ವಾಸಿ. ಕೊನೆಗಾದ್ರೂ ಬಾಯಿ ಬಿಟ್ರು."

ಮೂರನೆಯ ದಿನ ಪತ್ರಿಕೆಯ ಹಿಂದಿನಿಂದ ದನಿ ಬಂತು. "ಅದೇನೋ ಬೇಕರಿಯವನು ಅಂದ್ಯಲ್ಲ, ಅವನಿಗೆ ಎಷ್ಟು ತಿಂಗಳಿಗೆ ಕಡಿಮೆ ಆಯ್ತಂತೆ?"

ಅಕ್ಕ ಹೇಳಿದಳು. ಮರುದಿನ ಇನ್ನೊಂದು. "ಅದೇನೋ ಒಂದಕ್ಕೆ ಹೋಗೋಕೆ ಟ್ಯೂಬು ಹಾಕ್ತಾರಂತಲ್ಲ, ಎಷ್ಟು ದಿನ ಇಟ್ಟಿರ್ತಾರಂತೆ?" ಅದನ್ನೂ ಹೇಳಿದಳು. ಆಮೇಲಾಮೇಲೆ ದಿನಕ್ಕೆ ನಾಲ್ಕು ಪ್ರಶ್ನೆ. ಎಲ್ಲವೂ 'ಅದೇನೋ' ಎಂದೇ ಶುರು, ಯಾವುದೂ ಅವನಿಗೆ ಸಂಬಂಧಿಸಿದ್ದಲ್ಲ. ಅಲ್ಲಿಗೆ ಹೋದದ್ದಕ್ಕೆ ಹೆಂಡತಿಯನ್ನು ಬೈದು, ಅವಳು ತಂದ ಮಾಹಿತಿಯನ್ನು ಪತ್ರಿಕೆಯ ಮರೆಯಲ್ಲಿ ಕೂತು ಮೆಲ್ಲುವುದು! ಪುಡಿ ಕುಡಿಯುವುದಂತೂ ನಿಂತಿರಲಿಲ್ಲ. ಆಪರೇಷನ್ನೋ ರೇಡಿಯೇಷನ್ನೋ ಎಂದು ಡಾಕ್ಟರಿಗೆ ಹೇಳಿಯೂ ಇರಲಿಲ್ಲ.

ಒಂದು ಬೆಳಿಗ್ಗೆ ಅವನು, "ಅದೇನೋ ಪೇಂಟರು..." ಎಂದು ಶುರುಮಾಡಿದ. ಅಕ್ಕ ಸೀರೆಗೆ ಪಿನ್ನು ಹಾಕಿಕೊಳ್ಳುತ್ತಿದ್ದಳು.

"ಕೌಂಟರ್ ಕ್ಲೋಸ್," ಎಂದಳು.

"ಅಂದ್ರೆ?"

"ಅಂದ್ರೆ ಇನ್ಮೇಲೆ ನನಗೇನೂ ಗೊತ್ತಿಲ್ಲ. ಬೇಕಾದ್ರೆ ಶನಿವಾರ ನೀವೇ ಹೋಗಿ ಕೇಳಿ."

ಭಾವ ಕೂಗಾಡಿದ. ಬೇಡಿದ ಎನ್ನಲಾರೆ, ಆದರೆ ಅವಳಿಗೆ ಟೀ ಮಾಡಿಕೊಟ್ಟ. ಮದುವೆಯಾದಂದಿನಿಂದ ಒಲೆಯ ಕಡೆ ತಲೆ ಹಾಕದವನು! ಟೀಯಲ್ಲಿ ಸಕ್ಕರೆಯೇ ಇರಲಿಲ್ಲ. ಅಕ್ಕ ಕುಡಿದಳು, ಬಾಯಿ ಬಿಡಲಿಲ್ಲ.

ಶನಿವಾರ ಅವನು ಬಂದ. ನಾನೂ ಅಕ್ಕನೂ ಬಸ್ಸಿನಲ್ಲಿ ಹೋಗಿ ಕೂತಿದ್ದೆವು. ಅರ್ಧ ಸಭೆಯಾಗಿರುವಾಗ ಬಾಗಿಲು ದಡಾರನೆ ತೆರೆಯಿತು. ಕೆಳಗೆ ಡ್ರೈವಿಂಗ್ ಸ್ಕೂಲಿನ ಕಾರನ್ನು ಆಂಬುಲೆನ್ಸಿನ ಜಾಗದಲ್ಲೇ ನಿಲ್ಲಿಸಿ ಬಂದಿದ್ದ. ಕಲಿಯುವವರಿಗೆ ಕೈ ತೋರಿಸುವಂತೆ ಅಕ್ಕನತ್ತ ಬೆರಳು ನೀಡಿ, "ಕರ್ಕೊಂಡು ಹೋಗೋಕೆ ಬಂದಿದೀನಿ, ಮುಗೀತಾ?" ಎಂದ.

"ಇನ್ನೂ ಇಲ್ಲ," ಎಂದಳು ಅಕ್ಕ.

"ಕೂತ್ಕೊಳ್ಳಿ ಸಾರ್, ಕೂತ್ಕೊಳ್ಳಿ," ಎಂದು ಬೇಕರಿಯವನು ಪಕ್ಕದ ಖುರ್ಚಿ ಎಳೆದ. ಭಾವ ಖುರ್ಚಿಯ ತುದಿಯಲ್ಲಿ, ಯಾವಾಗ ಬೇಕಾದರೂ ಏಳಬಲ್ಲೆ ಎಂಬಂತೆ ಕೂತ. ಬೇಕರಿಯವನು ಮೆಲ್ಲಗೆ ಕೇಳಿದ, "ನಿಮಗೂನಾ ಸಾರ್?"

ಭಾವ ಎದೆ ಸೆಟೆಸಿ, ಇಡೀ ಕೋಣೆಗೆ ಕೇಳುವಂತೆ ಹೇಳಿದ. "ಛೆ ಛೆ, ನನಗಲ್ಲ. ಇವಳಿಗೆ."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗಾರ್ಡು ಬಹಳ ಮರ್ಯಾದೆಯಿಂದ, "ಸಾರ್, ಪ್ರಾಸ್ಟೇಟು ಹೆಂಗಸರಿಗೆ ಇರಲ್ಲ" ಎಂದ. ಪೇಂಟರು ಖುರ್ಚಿಯಿಂದ ಜಾರುವಷ್ಟು ನಕ್ಕ. ಮ್ಯಾನೇಜರೂ ನಕ್ಕರು. ನಾನೂ ನಕ್ಕೆ, ಮುಚ್ಚಿಡುವುದೇಕೆ. ಇಷ್ಟು ವರ್ಷ ಕಾದದ್ದಕ್ಕೆ ಸಿಕ್ಕ ಸುಖ ಅದು. ಭಾವನ ಕಿವಿಯವರೆಗೂ ಕೆಂಪೇರಿತು. ನಕ್ಕು ನಕ್ಕು ಬೇಕರಿಯವನಿಗೆ ಏನಾಯಿತೋ, "ಅಯ್ಯೋ, ಹೋಯ್ತು ನನ್ನ ಪ್ಯಾಡು!" ಎಂದು ಕೂಗಿದ. ನಗು ಮತ್ತೆ ಎದ್ದಿತು.

ಅಕ್ಕ ಮಾತ್ರ ನಗಲಿಲ್ಲ. ಎದ್ದು, ಭಾವನ ಮುಂದೆ ಕೈಚಾಚಿ, "ಕಾರಿನ ಕೀ ಕೊಡಿ" ಎಂದಳು. ಅವನು ಕೊಟ್ಟ. ನನಗೆ ಕಣ್ಸನ್ನೆ ಮಾಡಿದಳು. ನಾವಿಬ್ಬರೂ ಹೊರಗೆ ಬಂದು, ಬಾಗಿಲೆಳೆದು, ಕೆಳಗಿಳಿದು ಕಾರಿನಲ್ಲಿ ಕೂತೆವು. ಆಂಬುಲೆನ್ಸಿನ ಜಾಗ ಖಾಲಿಮಾಡಿ ಎಂದ ಆಸ್ಪತ್ರೆಯ ವಾಚ್‌ಮನ್ನಿನ ಬೈಗುಳವನ್ನು ಅಕ್ಕನೇ ತಿಂದಳು. ಅವಳಿಗೆ ಕಾರು ಓಡಿಸಲು ಬರುವುದಿಲ್ಲ. ಊರಿಗೆಲ್ಲ ಕಲಿಸಿದ ಮಹಾನುಭಾವ ಹೆಂಡತಿಗೆ ಕಲಿಸಿರಲಿಲ್ಲ. ಕೊನೆಗೆ ವಾಚ್‌ಮನ್ನೂ ನಾನೂ ಸೇರಿ ಹಿಂದಿನಿಂದ ತಳ್ಳಿದೆವು, ಅಕ್ಕ ಸ್ಟಿಯರಿಂಗ್ ತಿರುಗಿಸಿದಳು.

ಮೇಲೆ ಏನು ಮಾತಾಯಿತೋ ನಮಗೆ ಇಂದಿಗೂ ಗೊತ್ತಿಲ್ಲ. ಬಹಳ ಹೊತ್ತಾದ ಮೇಲೆ ಭಾವ ಬೇಕರಿಯವನ ಜೊತೆ ಮೆಟ್ಟಿಲಿಳಿದು ಬಂದ. ಕಣ್ಣು ಊದಿಕೊಂಡಿತ್ತು. ಬೇಕರಿಯವನು ಅವನ ಬೆನ್ನ ಮೇಲೆ ಕೈಯಿಟ್ಟಿದ್ದ, ಭಾವ ಆ ಕೈಯನ್ನು ಕೊಡವಿರಲಿಲ್ಲ. ಕಾರನ್ನು ಅವನೇ ಓಡಿಸಿದ. ಮನೆ ಹತ್ತಿರವಾದಾಗ ಹೇಳಿದ.

"ಆಪರೇಷನ್ ಮಾಡಿಸ್ತೀನಿ."

"ಸರಿ," ಎಂದಳು ಅಕ್ಕ.

"ಕ್ಯಾನ್ಸರ್ ಅಲ್ವಾ," ಎಂದ ಮತ್ತೆ, ತನಗೇ ಹೇಳಿಕೊಳ್ಳುವಂತೆ. "ಬಿಟ್ರೆ ಆಗಲ್ಲ."

ಆಪರೇಷನ್ ಚೆನ್ನಾಗಿಯೇ ಆಯಿತು. ಆಮೇಲಿನ ಕಥೆ ಅವರೆಲ್ಲ ಹೇಳಿದಂತೆಯೇ. ಟ್ಯೂಬು ತೆಗೆದ ದಿನ ಭಾವ ಬಾತ್‌ರೂಮಿನ ಬಾಗಿಲಲ್ಲಿ ನಿಂತು, ಕಾಲಿನ ಕೆಳಗೆ ಆಗುತ್ತಿದ್ದ ಕೊಚ್ಚೆ ನೋಡಿಕೊಂಡು ಮಕ್ಕಳಂತೆ ಅತ್ತ. ಅಕ್ಕ ನೆಲ ಒರೆಸಿ ಬೇಕರಿಯವನಿಗೆ ಫೋನು ಹಚ್ಚಿ ಅವನ ಕೈಗೆ ಕೊಟ್ಟಳು. ಬೇಕರಿಯವನು ದಿನಾ ಸಂಜೆ ಕೆಲಸ ಮುಗಿಸಿ ಬಂದು ಅವನ ಜೊತೆ ಬೀದಿಯ ಕೊನೆಯವರೆಗೆ ನಡೆಯುತ್ತಿದ್ದ. ಇಬ್ಬರೂ ಕಪ್ಪು ಪ್ಯಾಂಟು. ನಡುನಡುವೆ ನಿಂತು ಒಳಗೇ ಬಿಗಿಹಿಡಿದು ವ್ಯಾಯಾಮ ಮಾಡುವಾಗ ಇಬ್ಬರ ಮುಖವೂ ಒಂದೇ ಥರ ಗಂಭೀರವಾಗುತ್ತಿತ್ತು. ವರ್ಷ ತುಂಬುವ ಹೊತ್ತಿಗೆ ಭಾವನಿಗೆ ಪ್ಯಾಡು ಬೇಕಾಗಲಿಲ್ಲ. ರಕ್ತಪರೀಕ್ಷೆಯೂ ಸರಿಯಾಗಿ ಬರುತ್ತಿದೆ. ಎರಡನೆಯ ವಿಷಯ ಏನಾಯಿತೆಂದು ಅಕ್ಕ ನನಗೆ ಹೇಳಿಲ್ಲ, ನಾನು ಕೇಳಿಲ್ಲ.

ಇಷ್ಟಾದ ಮೇಲೆ ಮನುಷ್ಯ ತಗ್ಗಿ ನಡೆದಾನು ಎಂದುಕೊಂಡಿರಾ? ಈಗ ಸಭೆ ನಡೆಸುವವನು ಅವನೇ. ಮ್ಯಾನೇಜರು ಮೂಲೆಯ ಖುರ್ಚಿಗೆ ಸರಿದಿದ್ದಾರೆ. ಹೊಸಬರು ಯಾರೇ ಬಂದರೂ ಭಾವ ಕ್ಲಚ್ಚು ಕಲಿಸುವ ಅದೇ ಗಂಟಲಲ್ಲಿ ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಹೇಳುತ್ತಾನೆ. ಸೋರುವುದು, ಸೀನುವುದು, ಹಾಸಿಗೆ, ಮಾತ್ರೆ ಯಾವುದನ್ನೂ ಬಿಡುವುದಿಲ್ಲ. ಪ್ಲಾಸ್ಟಿಕ್ ಮಾದರಿಯನ್ನು ಕೈಯಲ್ಲೇ ಹಿಡಿದುಕೊಂಡಿರುತ್ತಾನೆ. ಹೆದರಿ ಬಂದವರಿಗೆ ಅದರಿಂದ ಉಪಕಾರವೇ ಆಗುತ್ತದೆ, ಅದನ್ನು ಇಲ್ಲವೆನ್ನಲಾರೆ. ಗಾರ್ಡು ಇವತ್ತಿಗೂ ಗೇಟಿನಲ್ಲಿ ನಿಂತು ಕೆಲಸ ಮಾಡುತ್ತಿದ್ದಾನೆ. ಆದರೆ ಭಾವ ಮೊದಲು ಹೇಳುವ ಮಾತು ಇದು: "ಡಾಕ್ಟ್ರು ಹೇಳಿದ ಮೊದಲನೇ ಶನಿವಾರವೇ ಬಂದ್ಬಿಟ್ಟೆ. ನನ್ನನ್ನ ಯಾರೂ ತಳ್ಳಬೇಕಾಗ್ಲಿಲ್ಲ. ಗಂಡಸಾದವನು ಧೈರ್ಯವಾಗಿ ಕೇಳ್ಬೇಕು."

ಮೇಲಾಗಿ, ಇವರೆಲ್ಲ ಸೇರಿ ಒಂದು ನಿಯಮ ಮಾಡಿದ್ದಾರೆ. ಮುಕ್ತವಾಗಿ ಮಾತಾಡಲು ಮುಜುಗರವಾಗುತ್ತದೆಂದು ಹೆಂಗಸರನ್ನು ಒಳಗೆ ಬಿಡುವುದಿಲ್ಲ. ಬಾಗಿಲಿಗೆ 'ಪುರುಷರಿಗೆ ಮಾತ್ರ' ಎಂದು ಬೋರ್ಡು ಬರೆದುಕೊಟ್ಟವನು ಪೇಂಟರು. ಬಹಳ ಚೆಂದದ ಅಕ್ಷರ.

ಮೊನ್ನೆ ಭಾನುವಾರ ನಾನು ಅವರ ಮನೆಯಲ್ಲಿದ್ದೆ. ಯಾರೋ ಹೊಸಬನ ಫೋನು ಬಂತು, ಭಾವ ಬಾಲ್ಕನಿಗೆ ಹೋಗಿ ಶುರುಮಾಡಿದ. ಎದುರು ಮನೆಯವರು ಬಟ್ಟೆ ಒಣಹಾಕುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ನಾನು ತಡೆಯಲಾರದೆ, "ಅಕ್ಕಾ, ನಿಂಗೆ ಮೈ ಉರಿಯಲ್ವಾ? ಒಂದೇ ಒಂದು ಸಲ ನಿನ್ನ ಹೆಸರು ಎತ್ತಿದ್ದಾರಾ?" ಎಂದೆ.

"ನನ್ನ ಹೆಸರು ಅಲ್ಲಿಗ್ಯಾಕೆ?" ಎಂದಳು ಅಕ್ಕ. "ಇನ್ನು ನಾನು ಹೋದ್ರೆ ಇವರ ಮೂತಿ ನೋಡ್ತಾ ಕೂರ್ಬೇಕು. ಸಾಕಪ್ಪ. ಮಾತು ಕಲಿಸಿದ್ದಾಯ್ತು, ಇನ್ನು ಅವರವರೇ ಒದರಿಕೊಳ್ಳಲಿ."

ಬಾಲ್ಕನಿಯಿಂದ, "ಕೇಳಿ ಇಲ್ಲಿ, ನಾಚ್ಕೋಬೇಡಿ, ಎಷ್ಟು ಪ್ಯಾಡ್ ಆಗ್ತಿದೆ ಹೇಳಿ" ಎಂಬ ಕೂಗು ಬಂತು. ಅಕ್ಕ ಎದ್ದು ಹೋಗಿ ಬಾಲ್ಕನಿಯ ಬಾಗಿಲು ಹಾಕಿ, ಒಳಗಿನಿಂದ ಚಿಲಕವನ್ನೂ ಹಾಕಿ ಬಂದಳು. ನಾವಿಬ್ಬರೂ ನೆಮ್ಮದಿಯಾಗಿ ಊಟಕ್ಕೆ ಕೂತೆವು.